ಗೃಹಸ್ಥ ಸಭಾಪಾಲಕನ ನೆನಪು: ಉತ್ತಂಗಿ ಚನ್ನಪ್ಪನವರ ಬದುಕು ಮತ್ತು ಸರ್ವಜ್ಞ ಸಂಗ್ರಹ

೧

ಉತ್ತಂಗಿ ಚನ್ನಪ್ಪನವರ (೧೮೮೧–೧೯೬೨) ಹೆಸರು ಕನ್ನಡದ ಎರಡು ಸ್ಮೃತಿ ಪರಂಪರೆಗಳಲ್ಲಿ ಉಳಿದುಬಂದಿದೆ. ಸಾಹಿತ್ಯ ಚರಿತ್ರೆ ಅವರನ್ನು ಸರ್ವಜ್ಞನ ವಚನಗಳ ಸಂಪಾದಕರೆಂದು, ವಚನ ಸಾಹಿತ್ಯದ ಸಂಶೋಧಕರೆಂದು, ೧೯೪೯ರ ಗುಲ್ಬರ್ಗಾ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೆಂದು ಗುರುತಿಸುತ್ತದೆ. ಉತ್ತರ ಕರ್ನಾಟಕದ ಕ್ರೈಸ್ತ ಸಭೆಗಳು ಅವರನ್ನು ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ, ದೇವಭಕ್ತ ಹಿರಿಯರಾಗಿ ನೆನೆಯುತ್ತವೆ. ಈ ಎರಡು ನೆನಪುಗಳು ಒಂದನ್ನೊಂದು ಸಂಧಿಸುವುದು ಅಪರೂಪ. ಸಾಹಿತ್ಯ ಚರಿತ್ರೆಗೆ ಅವರ ಕ್ರೈಸ್ತ ಭಕ್ತಿಯು ಅಚ್ಚರಿಯಿಂದ ಉಲ್ಲೇಖಿಸಿ ದಾಟಿಬಿಡುವ ಸಂಗತಿ. 'ಕ್ರೈಸ್ತರಾಗಿಯೂ' ಎಂಬ ಒಂದು ಪದದಲ್ಲಿ ಅದು ಮುಗಿದುಹೋಗುತ್ತದೆ. ಸಭೆಯ ನೆನಪಿಗೆ ಸರ್ವಜ್ಞ, ಸಿದ್ಧರಾಮರು ಅವರ ಬಿಡುವಿನ ವೇಳೆಯ ವಿದ್ವತ್ತು. ಹೀಗೆ ಒಂದು ದೀರ್ಘಜೀವನವು ಎರಡು ಹೋಳಾಗಿದ್ದು, ಎರಡರ ನಡುವೆ ಆ ಗೃಹಸ್ಥನ ಮನೆ ಮರೆಯಾಗಿದೆ.

'ಕ್ರೈಸ್ತರಾಗಿಯೂ' ಎಂಬ ಪದವನ್ನು 'ಕ್ರೈಸ್ತ ಸಭಾಪಾಲಕರಾಗಿದ್ದರಿಂದಲೇ' ಎಂದು ತಿದ್ದಿ ಓದಲು ಸಾಧ್ಯವೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರಶ್ನೆ ವ್ಯಕ್ತಿಯೊಬ್ಬರ ಗೌರವಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಜನಪದರ ನಾಲಗೆಯ ಮೇಲಿದ್ದ ಸಾಹಿತ್ಯವು ಅಚ್ಚಿಗೆ ಬಂದುದು ಯಾರ ಕೈಯಿಂದ, ಯಾವ ಬಗೆಯ ಬದುಕಿನಿಂದ ಎಂಬುದು ಜಾನಪದ ಅಧ್ಯಯನದ ಚರಿತ್ರೆಗೆ ಮೂಲಭೂತವಾದ ವಿಚಾರ.

೨

ಹೆಸರುಗಳಿಂದ ಆರಂಭಿಸಬಹುದು. ಹೆಸರು ಒಂದು ಸಮುದಾಯದ ಸಂಕ್ಷಿಪ್ತ ಚರಿತ್ರೆ. ಚನ್ನಪ್ಪನವರ ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಮೊದಲನೆಯದರಲ್ಲಿ ಹಳೆಯ ಒಡಂಬಡಿಕೆಯ ಪ್ರವಾದಿಯ ಹೆಸರಿಗೆ ಕನ್ನಡದ 'ಅಪ್ಪ' ಸೇರಿದೆ. ಎರಡನೆಯದರಲ್ಲಿ 'ಸುಭಕ್ತ' ಎಂಬ, ಯಾವ ಮತಕ್ಕೂ ಪರಕೀಯವಲ್ಲದ ಭಕ್ತಿವಾಚಕಕ್ಕೆ ಧಾರವಾಡ ಸೀಮೆಯ 'ಅವ್ವ' ಕೂಡಿದೆ. ಇಂಥ ದಂಪತಿಗಳ ಮಗನಿಗೆ ಸತ್ಯವೇದದಲ್ಲೆಲ್ಲೂ ಸಿಗದ, ಊರಿನ ಓಣಿಯಲ್ಲಿ ಕೂಗಿದರೆ ನಾಲ್ಕು ಮನೆಯವರು ತಿರುಗಿ ನೋಡುವಂಥ 'ಚನ್ನಪ್ಪ' ಎಂಬ ಹೆಸರು. ಇದರ ಹಿಂದೆ ಮನೆತನದ ಮೂಲ ಸ್ಥಳವಾದ ಉತ್ತಂಗಿ. ಹೂವಿನಹಡಗಲಿ ತಾಲೂಕಿಗೆ ಸೇರಿದ ಈ ಗ್ರಾಮ ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಧಾರವಾಡದಲ್ಲಿ ಹುಟ್ಟಿ ಬೆಳೆದವರು ಹಿರಿಯರ ಊರಿನ ಹೆಸರನ್ನು ಕೊನೆಯವರೆಗೂ ಮುಂದಿಟ್ಟುಕೊಂಡು ನಡೆದರು. ಮತಾಂತರವು ವಂಶಸ್ಮೃತಿಯನ್ನು ಕಡಿದುಹಾಕುತ್ತದೆಂಬ ಸಾಮಾನ್ಯ ಗ್ರಹಿಕೆಗೆ ಈ ನಾಲ್ಕು ಪದಗಳು, ಅಂದರೆ ದಾನಿಯೇಲಪ್ಪ, ಸುಭಕ್ತವ್ವ, ಚನ್ನಪ್ಪ, ಉತ್ತಂಗಿ, ಒಂದು ಮೌನವಾದ ಉತ್ತರವಾಗಿವೆ.

ಈ ಕುಟುಂಬಕ್ಕೆ ನೆಲೆಯಾದ ಬಾಸೆಲ್ ಮಿಷನ್ನಿನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯಬೇಕು. ೧೮೩೪ರ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರು ತಲಪುವುದರೊಂದಿಗೆ ಇದರ ಕಾರ್ಯ ಕರ್ನಾಟಕದಲ್ಲಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಕೇಂದ್ರಗಳು ಏರ್ಪಟ್ಟವು. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಮುಂದೆ ದಾಸರ ಪದಗಳನ್ನು ಕಲ್ಲಚ್ಚಿಗೆ ತಂದರು. ಫರ್ಡಿನಾಂಡ್ ಕಿಟ್ಟೆಲ್ ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿ 'ಕಥಾಮಾಲೆ'ಯನ್ನು ರಚಿಸಿದರು. ೧೮೯೪ರಲ್ಲಿ ಪ್ರಕಟವಾದ ಅವರ ನಿಘಂಟಿನಲ್ಲಿ ಆಡುಮಾತಿನ ಗಾದೆಗಳು ಶಿಷ್ಟಕಾವ್ಯದ ಪ್ರಯೋಗಗಳ ಪಕ್ಕದಲ್ಲಿಯೇ ಸ್ಥಾನ ಪಡೆದವು. ಈ ಆಸಕ್ತಿಯ ಮೂಲದಲ್ಲಿ ಸುವಾರ್ತಾ ಪ್ರಸಾರದ ಉದ್ದೇಶವಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಜನರೊಡನೆ ಮಾತನಾಡಬೇಕಾದವರಿಗೆ ಜನರ ಮಾತು ಬೇಕಾಗಿತ್ತು. ಆದರೆ ಉದ್ದೇಶ ಒಂದಾಗಿದ್ದರೂ ಫಲ ಅದನ್ನು ಮೀರಿ ಬೆಳೆಯಬಲ್ಲದು. ಚನ್ನಪ್ಪನವರು ಹುಟ್ಟಿದಾಗ ಕನ್ನಡದ ನುಡಿಸಂಪತ್ತನ್ನು ಸಂಗ್ರಹಿಸುವುದು ಮಿಷನ್ನಿನ ಪರಿಸರದಲ್ಲಿ ನಾಲ್ಕು ದಶಕಗಳ ರೂಢಿಯಾಗಿತ್ತು. ಧಾರವಾಡದ ಮಿಷನ್ ಶಾಲೆಯಲ್ಲಿಯೂ ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿಯೂ ಓದಿದ ಈ ಯುವಕ ಆ ರೂಢಿಯ ಕನ್ನಡಿಗ ವಾರಸುದಾರ.

೩

ಕನ್ನಡ ಸಮಾಜವು ಧಾರ್ಮಿಕ ವ್ಯಕ್ತಿಯನ್ನು ಗೌರವಿಸುವಾಗ ಸಾಮಾನ್ಯವಾಗಿ ವಿರಕ್ತನ ಚಿತ್ರವನ್ನು ಮುಂದಿಟ್ಟುಕೊಳ್ಳುತ್ತದೆ. ಚನ್ನಪ್ಪನವರಿಗೂ 'ತಿರುಳ್ಗನ್ನಡದ ತಿರುಕ' ಎಂಬ ಹೆಸರು ಅಂಟಿಕೊಂಡಿದೆ. ಹೆಸರು ಸೊಗಸಾಗಿದೆ, ಒಂದರ್ಥದಲ್ಲಿ ನಿಜವೂ ಹೌದು. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಸೀಮೆಯೇ ಅವರ ಕಾರ್ಯಕ್ಷೇತ್ರ. ಅಲ್ಲಿ ಅವರು ಪದ್ಯಗಳನ್ನು ಬೇಡಿ ಪಡೆದರು. ಆದರೆ 'ತಿರುಕ' ಎಂಬ ಮಾತು ಅವರ ಬದುಕಿನ ಒಂದು ಮುಖ್ಯ ಸಂಗತಿಯನ್ನು ಮರೆಸುತ್ತದೆ. ಅವರು ಮನೆ ಬಿಟ್ಟವರಲ್ಲ, ಸಂಸಾರವಂದಿಗರು.

ಪ್ರಾಟೆಸ್ಟಂಟ್ ಪರಂಪರೆಯಲ್ಲಿ ಸಭಾಪಾಲಕನು ಗೃಹಸ್ಥನಾಗಿರುವುದೇ ವಾಡಿಕೆ. ೧೫೨೫ರಲ್ಲಿ ಮಾರ್ಟಿನ್ ಲೂಥರ್ ಮದುವೆಯಾದಂದಿನಿಂದ ಸಭಾಪಾಲಕನ ಮನೆಯು ಸಭೆಯವರು ಕಂಡು ಕಲಿಯಬೇಕಾದ ಸ್ಥಳವೆಂಬ ಭಾವನೆ ಬೆಳೆದುಬಂದಿತು. ಕಿಟ್ಟೆಲರೂ ಸಂಸಾರಸ್ಥರಾಗಿಯೇ ನಿಘಂಟು ಕಟ್ಟಿದರು. ಹಳ್ಳಿಯ ಜನರಿಗೆ ಈ ಮಾದರಿ ಪೂರ್ಣ ಅಪರಿಚಿತವೇನೂ ಆಗಿರಲಿಲ್ಲ. ಹಿರೇಮಠದ ಅಯ್ಯನವರು ಹೆಂಡತಿ ಮಕ್ಕಳೊಡನೆ ಬಾಳುತ್ತಲೇ ಊರಿನ ಹುಟ್ಟು, ಮದುವೆ, ಸಾವುಗಳಲ್ಲಿ ಭಾಗಿಗಳಾಗುವುದನ್ನು ಅವರು ಕಂಡಿದ್ದರು. ಸಭಾಪಾಲಕನ ಕೆಲಸವೂ ಇದೇ ಮೂರು ಹೊಸ್ತಿಲುಗಳ ಮೇಲಿನದು. ದೀಕ್ಷಾಸ್ನಾನ, ವಿವಾಹ, ಸಮಾಧಿ ಎಂಬ ಮೂರು ರಿಜಿಸ್ಟರುಗಳನ್ನು ತುಂಬುವ ಕೈ ಅವನದು.

ಈ ಮನೆಗಳ ಸಂಸ್ಕೃತಿಯನ್ನು ಜಾನಪದ ಅಧ್ಯಯನ ಸಾಕಷ್ಟು ಗಮನಿಸಿಲ್ಲ. ಉತ್ತರ ಕರ್ನಾಟಕದ ಹಳೆಯ ಕ್ರೈಸ್ತ ಕುಟುಂಬಗಳಲ್ಲಿ ಸತ್ಯವೇದವು ಓದುವ ಗ್ರಂಥವಾಗಿರುವಂತೆಯೇ ಮನೆತನದ ದಫ್ತರವೂ ಆಗಿರುತ್ತದೆ. ಅದರ ಮೊದಲ ಖಾಲಿ ಹಾಳೆಗಳಲ್ಲಿ ಮಕ್ಕಳ ಹುಟ್ಟಿದ ದಿನ, ಸ್ನಾನ ಹೊಂದಿದ ದಿನ, ಮದುವೆಯ ದಿನ, ಹಿರಿಯರು ಕರ್ತನಲ್ಲಿ ನಿದ್ರೆಹೋದ ದಿನಗಳು ಬೇರೆ ಬೇರೆ ಕೈಬರಹದಲ್ಲಿ ದಾಖಲಾಗಿರುತ್ತವೆ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಮನೆಯ ಯಜಮಾನ ಒಂದು ಅಧ್ಯಾಯ ಓದುತ್ತಾನೆ. ಓದು ಬಾರದ ಮುದುಕಿಯೂ ಕೀರ್ತನೆಯನ್ನು ಬಾಯಿಪಾಠವಾಗಿ ಹಾಡುತ್ತಾಳೆ. ಒಬ್ಬರು ತೀರಿಕೊಂಡಾಗ ಸಮಾಧಿಯ ಮುನ್ನ ಅವರ ಜೀವನದ ಸಂಕ್ಷಿಪ್ತ ವೃತ್ತಾಂತವನ್ನು ಸಭೆಯ ಮುಂದೆ ಓದುವ ಪದ್ಧತಿಯೂ ಇದೆ. ಎಲ್ಲಿ ಹುಟ್ಟಿದರು, ಯಾವ ಊರುಗಳಲ್ಲಿ ದುಡಿದರು, ಎಷ್ಟು ಮಕ್ಕಳು, ಎಷ್ಟು ಮೊಮ್ಮಕ್ಕಳು, ಯಾವ ವಾಕ್ಯ ಅವರಿಗೆ ಪ್ರಿಯವಾಗಿತ್ತು ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಸಾಮಾನ್ಯ ಮನುಷ್ಯನ ಬದುಕೂ ಚರಿತ್ರೆಗೆ ಯೋಗ್ಯವೆಂದು ಸಾರುವ ಒಂದು ಗದ್ಯಪ್ರಕಾರವಿದು. ಬರಹ ಮತ್ತು ಬಾಯ್ದೆರೆ ಹೀಗೆ ಒಂದೇ ಸೂರಿನಡಿ ನಡೆಯುವ ಮನೆಯಲ್ಲಿ ಬೆಳೆದವರಿಗೆ, ಹೊರಗಿನ ಲೋಕದ ಬಾಯಿಪಾಠವನ್ನೂ ಬರೆದಿಡಬೇಕೆಂದು ತೋರಿದ್ದರೆ ಅದು ಸಹಜ.

೪

ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಯಲ್ಲಿ ಮಿಷನ್ನಿನ ಸೇವೆಗೆ ಸೇರಿದ ಚನ್ನಪ್ಪನವರು ಹುಬ್ಬಳ್ಳಿ, ಗದಗ ಮೊದಲಾದೆಡೆ ಕೆಲಸ ಮಾಡಿದರು. ಸುವಾರ್ತಾ ಬೋಧಕನ ದಿನಚರಿಯು ಸಂತೆ, ಜಾತ್ರೆ, ಕಟ್ಟೆ, ಚಾವಡಿಗಳ ನಡುವೆ ಹಂಚಿಹೋಗುವಂಥದು. ಮಾತು ಕೇಳಲು ಜನ ನಿಲ್ಲಬೇಕಾದರೆ ಜನಕ್ಕೆ ಗೊತ್ತಿರುವ ಮಾತಿನಿಂದ ತೊಡಗಬೇಕು. ಆ ಸೀಮೆಯಲ್ಲಿ ಹಾಗೆ ಎಲ್ಲರಿಗೂ ಗೊತ್ತಿದ್ದುದು ಸರ್ವಜ್ಞನ ತ್ರಿಪದಿ. ಜಾತಿಯ ಹೆಮ್ಮೆಯನ್ನು, ಡಾಂಭಿಕ ಆಚಾರವನ್ನು, ಜಿಪುಣತನವನ್ನು ಮೂರು ಸಾಲುಗಳಲ್ಲಿ ಹರಿತವಾಗಿ ಖಂಡಿಸುವ ಈ ಪದ್ಯಗಳು ಉಪದೇಶಿಗೆ ಒದಗಿಬಂದುದು ಸಹಜವೇ. ಆದರೆ ಕಟ್ಟೆಯ ಮೇಲೆ ಒಂದು ತ್ರಿಪದಿ ಹೇಳಿದವನಿಗೆ ಕೇಳಿದವರು ಇನ್ನೊಂದನ್ನು ಹೇಳಿ ಉತ್ತರ ಕೊಡುತ್ತಾರೆ. ಬೋಧಕನು ಕೇಳುಗನಾಗುವ ಈ ಘಳಿಗೆಯೇ ಸಂಗ್ರಹದ ಬೀಜವೆಂದು ನಾನು ಭಾವಿಸುತ್ತೇನೆ. ನಾವು ಇಂದು ಕ್ಷೇತ್ರಕಾರ್ಯವೆಂದು ಕರೆಯುವ ಚಟುವಟಿಕೆಗೆ ಬೇಕಾದ ಮೂರು ಅನುಕೂಲಗಳು, ಅಂದರೆ ಊರೂರು ತಿರುಗುವ ಅವಕಾಶ, ಎಲ್ಲ ಜಾತಿಗಳವರೊಡನೆ ಮಾತಿನ ಸಲಿಗೆ, ಕೇಳಿದ್ದನ್ನು ಬರೆದಿಡುವ ಅಭ್ಯಾಸ, ಸಭಾಪಾಲಕನ ವೃತ್ತಿಯಲ್ಲಿಯೇ ಅಡಕವಾಗಿದ್ದವು.

೧೯೧೪ರಲ್ಲಿ ಮೊದಲ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ಸ್ವದೇಶಕ್ಕೆ ಮರಳಬೇಕಾಯಿತು. ಸಭೆಗಳ ಹೊಣೆಯಲ್ಲಿ ಹೆಚ್ಚಿನ ಪಾಲು ಇಲ್ಲಿಯ ಸಭಾಪಾಲಕರ ಮೇಲೆ ಬಿದ್ದಿತು. ಈ ಸಂಕಷ್ಟದ ಕಾಲವನ್ನೊಳಗೊಂಡ ವರ್ಷಗಳಲ್ಲಿಯೇ ಸಂಗ್ರಹಕಾರ್ಯ ನಡೆದು, ೧೯೨೪ರಲ್ಲಿ 'ಸರ್ವಜ್ಞನ ವಚನಗಳು' ಪ್ರಕಟವಾಯಿತು. ಓಲೆಗರಿ ಹಾಗೂ ಕಾಗದದ ಪ್ರತಿಗಳಿಂದಲೂ ಜನರ ಬಾಯಿಂದಲೂ ಕೂಡಿಸಿದ ಸುಮಾರು ಎರಡು ಸಾವಿರ ತ್ರಿಪದಿಗಳನ್ನು ವಿಷಯಾನುಸಾರ ವಿಂಗಡಿಸಿದ ಈ ಸಂಪುಟವೇ ಮುಂದಿನ ಎಲ್ಲ ಸರ್ವಜ್ಞ ಅಧ್ಯಯನಗಳಿಗೂ ತಳಹದಿಯಾಯಿತು.

ಈ ವರ್ಷವನ್ನು ಕನ್ನಡ ಜಾನಪದ ಸಂಗ್ರಹದ ಕಾಲಾನುಕ್ರಮದಲ್ಲಿಟ್ಟು ನೋಡಬೇಕು. ಚಾರ್ಲ್ಸ್ ಗೋವರನ ದಕ್ಷಿಣ ಭಾರತದ ಜನಪದ ಗೀತೆಗಳ ಸಂಕಲನ ೧೮೭೧ರದು. ಫ್ಲೀಟನು ಲಾವಣಿಗಳನ್ನು ಪ್ರಕಟಿಸತೊಡಗಿದ್ದು ೧೮೮೫ರಲ್ಲಿ. ಹಲಸಂಗಿ ಗೆಳೆಯರ 'ಗರತಿಯ ಹಾಡು' ಹೊರಬಂದದ್ದು ೧೯೩೧ರಲ್ಲಿ. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ೧೯೨೩ರಲ್ಲಿ, ಅಂದರೆ ಸರ್ವಜ್ಞ ಸಂಪುಟಕ್ಕಿಂತ ಒಂದು ವರ್ಷ ಮೊದಲು ಬೆಳಕು ಕಂಡಿತು. ಹಳಕಟ್ಟಿಯವರು (೧೮೮೦–೧೯೬೪) ಮತ್ತು ಚನ್ನಪ್ಪನವರು ಸಮವಯಸ್ಕರು. ಧಾರವಾಡದ ನೆಲದಲ್ಲಿ ಹುಟ್ಟಿದವರು. ಒಬ್ಬರು ವಕೀಲರು, ಇನ್ನೊಬ್ಬರು ಸಭಾಪಾಲಕರು. ವಿಶ್ವವಿದ್ಯಾಲಯದ ಆಶ್ರಯವಿಲ್ಲದೆ, ಮನೆಯ ಖರ್ಚಿನ ಲೆಕ್ಕದೊಳಗೇ ವಿದ್ವತ್ತನ್ನು ಸಾಗಿಸಿದ ಗೃಹಸ್ಥ ಸಂಶೋಧಕರ ತಲೆಮಾರಿಗೆ ಇಬ್ಬರೂ ಸೇರಿದವರು.

ಸಂಗ್ರಹದ ಮಿತಿಗಳನ್ನೂ ಇಲ್ಲಿಯೇ ಹೇಳಬೇಕು. 'ಸರ್ವಜ್ಞ' ಎಂಬ ಅಂಕಿತವು ಅನೇಕರು ಬಳಸಬಹುದಾದ ಒಂದು ಅಚ್ಚು. ತ್ರಿಪದಿಯಂತೂ ಏಳನೆಯ ಶತಮಾನದ ಅಂತ್ಯದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಹಿಡಿದು ಹೆಣ್ಣುಮಕ್ಕಳ ಬೀಸುವ ಪದದವರೆಗೆ ಹರಿದುಬಂದ ಜನದ ಸ್ವತ್ತು. ಅಬಲೂರು, ಮಾಸೂರುಗಳ ಸುತ್ತ ಬೆಳೆದ ಬಸವರಸ, ಮಾಳಿಯರ ಕತೆಯಲ್ಲಿ ಚರಿತ್ರೆಯೆಷ್ಟು, ಐತಿಹ್ಯವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಹೀಗಿರುವಾಗ ಎರಡು ಸಾವಿರ ಪದ್ಯಗಳೂ ಒಬ್ಬನವೇ ಎನ್ನಲಾಗದು. ಅನಂತರದ ವಿದ್ವಾಂಸರು ಈ ಪ್ರಶ್ನೆಯನ್ನು ಎತ್ತಿದ್ದು ಸರಿಯೇ. ಪದ್ಯಗಳನ್ನು ವಿಷಯದ ಶೀರ್ಷಿಕೆಗಳಡಿ ಜೋಡಿಸಿದಾಗ, ಅವನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರೆಂಬುದು ಪುಟದಿಂದ ಹೊರಗುಳಿಯುತ್ತದೆ. ಕಟ್ಟೆಯ ಮೇಲಿನ ಜಗಳದಲ್ಲಿ ಬಾಣವಾಗಿದ್ದ ಮಾತು ಪುಸ್ತಕದಲ್ಲಿ ನೀತಿವಾಕ್ಯವಾಗುತ್ತದೆ. ಆದರೆ ಪಠ್ಯಸಂಪಾದನೆಯ ದೃಷ್ಟಿಯಿಂದ ದೋಷವಾಗಿ ಕಾಣುವ ಧಾರಾಳತನವೇ ಜಾನಪದ ದೃಷ್ಟಿಗೆ ಉಪಕಾರವಾಗಿದೆ. 'ನಿಜವಾದ' ಸರ್ವಜ್ಞನನ್ನು ಸೋಸಿ ತೆಗೆಯಲು ಹೊರಟಿದ್ದರೆ, ಜನರು ಸರ್ವಜ್ಞನದೆಂದು ನಂಬಿ ಹೇಳುತ್ತಿದ್ದ ನೂರಾರು ತ್ರಿಪದಿಗಳು ನಮಗೆ ತಲಪುತ್ತಿರಲಿಲ್ಲ.

೫

ಚನ್ನಪ್ಪನವರ ಕ್ರಿಸ್ತಭಕ್ತಿ ಈ ವಿದ್ವತ್ತಿನಿಂದ ಸಡಿಲಗೊಂಡಿತೇ ಎಂಬ ಶಂಕೆ ಎರಡು ಕಡೆಯಿಂದಲೂ ಏಳಬಹುದು. ಅವರ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಕೃತಿಯ ಶೀರ್ಷಿಕೆಯನ್ನೇ ನೋಡಬಹುದು. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡುವುದಿಲ್ಲ, ಖಂಡಿಸುವುದಿಲ್ಲ, ವಿನಂತಿಸುತ್ತದೆ. ವಿನಂತಿ ಮಾಡುವವನಿಗೆ ತನ್ನ ನಂಬಿಕೆಯಲ್ಲಿ ಸಂದೇಹವಿಲ್ಲ. ಎದುರಿನವರ ಮನೆಯ ಬಾಗಿಲು ಅವರದೇ ಎಂಬ ಅರಿವೂ ಇದೆ. ಹತ್ತೊಂಬತ್ತನೆಯ ಶತಮಾನದ ವಾದಗ್ರಂಥಗಳ ಧ್ವನಿಗೂ ಈ ಧ್ವನಿಗೂ ಇರುವ ಅಂತರವು ಹೊರಗಿನಿಂದ ಬಂದ ಬೋಧಕನಿಗೂ ಊರೊಳಗಿನ ನೆರೆಯವನಿಗೂ ಇರುವ ಅಂತರವೇ ಆಗಿದೆ.

ಇದೇ ಮನೋಧರ್ಮ ಅವರ ವಚನಾಧ್ಯಯನದಲ್ಲಿ ಮುಂದುವರಿಯಿತು. ಸಿದ್ಧರಾಮನ ಸಾಹಿತ್ಯವನ್ನು ಅವರು ಸಂಗ್ರಹಿಸಿದರು. ಅನುಭವ ಮಂಟಪವು ಕಲ್ಪನೆಯೆಂಬ ವಾದ ಕೇಳಿಬಂದಾಗ 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಕೃತಿಯಲ್ಲಿ ಅದರ ವಾಸ್ತವತೆಯನ್ನು ಸಮರ್ಥಿಸಿದರು. ಶರಣರ ಪರವಾಗಿ ಕ್ರೈಸ್ತ ಸಭಾಪಾಲಕರೊಬ್ಬರು ಇತಿಹಾಸದ ಕಟಕಟೆಯಲ್ಲಿ ನಿಂತು ವಾದಿಸಿದ ಈ ಪ್ರಸಂಗವು ಕರ್ನಾಟಕದ ಬೌದ್ಧಿಕ ಚರಿತ್ರೆಯಲ್ಲಿ ಮರೆಯಬಾರದ್ದು.

ಗೃಹಸ್ಥಧರ್ಮದ ದೃಷ್ಟಿಯಿಂದ ಹೆಚ್ಚು ಗಮನಾರ್ಹವಾದುದು ಎಸ್. ಎಸ್. ಭೂಸನೂರಮಠ ಅವರೊಡಗೂಡಿ ಅವರು ಸಂಪಾದಿಸಿದ ಮೋಳಿಗೆಯ ಮಾರಯ್ಯ ಹಾಗೂ ಮಹಾದೇವಿಯರ ವಚನಗಳು. ಐತಿಹ್ಯದ ಪ್ರಕಾರ ಇವರು ಕಾಶ್ಮೀರದ ರಾಜದಂಪತಿಗಳು. ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಮಾರಿ ದಾಸೋಹ ನಡೆಸಿದವರು. ರಾಜ್ಯ ಬಿಟ್ಟರು, ಆದರೆ ದಾಂಪತ್ಯ ಬಿಡಲಿಲ್ಲ. ಗಂಡನಿಗೆ ಅರಿವಿನ ಮಾತು ಹೇಳುವವಳು ಇಲ್ಲಿ ಹೆಂಡತಿ. ಸತಿಪತಿಗಳ ಒಂದಾದ ಭಕ್ತಿಯನ್ನು ಎತ್ತಿಹಿಡಿದ ಶರಣ ಪರಂಪರೆ, ಸಭಾಪಾಲಕನ ಮನೆಯೇ ಬೋಧನೆಯೆನ್ನುವ ಪ್ರಾಟೆಸ್ಟಂಟ್ ಪರಂಪರೆ, ಇವೆರಡೂ ಅವರ ಅನುಭವದಲ್ಲಿ ಒಂದೆಡೆ ಕೂಡಿದ್ದವು. ವಚನಗಳಲ್ಲಿ ಅವರು ಕಂಡದ್ದು ಅನ್ಯರ ಶಾಸ್ತ್ರವನ್ನಲ್ಲ, ತಮ್ಮ ಬದುಕಿನ ರೀತಿಗೆ ಕನ್ನಡದಲ್ಲಿ ಏಳು ಶತಮಾನಗಳ ಹಿಂದೆಯೇ ದೊರೆತಿದ್ದ ಸಮರ್ಥನೆಯನ್ನು ಎಂದು ಊಹಿಸಿದರೆ ತಪ್ಪಾಗಲಾರದು.

೬

೧೯೪೯ರಲ್ಲಿ ಗುಲ್ಬರ್ಗಾದಲ್ಲಿ (೨೦೧೪ರಿಂದ ಕಲಬುರಗಿ) ಸೇರಿದ ೩೨ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ ಹೈದರಾಬಾದ್ ಸಂಸ್ಥಾನ ಭಾರತದೊಡನೆ ಕೂಡಿತ್ತು. ಮತದ ಹೆಸರಿನಲ್ಲಿ ನಡೆದ ಹಿಂಸೆಯ ನೆನಪು ಆ ಸೀಮೆಯಲ್ಲಿ ಇನ್ನೂ ಹಸಿಯಾಗಿತ್ತು. ಅಂಥ ಸಮಯದಲ್ಲಿ, ಅಂಥ ಊರಿನಲ್ಲಿ ಕನ್ನಡಿಗರ ಸಭೆಯ ಪೀಠದ ಮೇಲೆ ಕುಳಿತವರು ಶರಣರ ಸಾಹಿತ್ಯಕ್ಕೆ ದುಡಿದ ಒಬ್ಬ ಕ್ರೈಸ್ತ ಸಭಾಪಾಲಕರೆಂಬುದಕ್ಕೆ ತನ್ನದೇ ಆದ ಅರ್ಥವಿದೆ. ಏಕೀಕರಣವನ್ನೂ ಕಂಡ ಅವರು ೧೯೬೨ರಲ್ಲಿ, ಎಂಟು ದಶಕಗಳ ತುಂಬುಬಾಳನ್ನು ಮುಗಿಸಿ ತೀರಿಕೊಂಡರು.

ಅವರು ಉಳಿಸಿಕೊಟ್ಟ ಸರ್ವಜ್ಞನಾದರೋ ರಾಜ್ಯದ ಗಡಿಯನ್ನೂ ದಾಟಿದನು. ೨೦೦೯ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡವು. ಎರಡು ರಾಜ್ಯಗಳ ಸೌಹಾರ್ದಕ್ಕೆ ಸಂಕೇತವಾಗಿ ನಿಂತ ಆ ಸರ್ವಜ್ಞನು ತ್ರಿಪದಿಗಳ ರೂಪದಲ್ಲಿ ನಮ್ಮ ಕೈಸೇರಿದ್ದು ಒಬ್ಬ ಸಭಾಪಾಲಕನ ಬರಹದ ಮೇಜಿನಿಂದ ಎಂಬುದನ್ನು ನೆನೆಯುವುದು ಉಚಿತ.

೭

ಮೇಲಿನ ಪರಿಶೀಲನೆಯಿಂದ ಹೊರಡುವ ಮಾತುಗಳು ಎರಡು. ಮೊದಲನೆಯದು: ಚನ್ನಪ್ಪನವರ ಭಕ್ತಿ, ಗಾರ್ಹಸ್ಥ್ಯ, ವಿದ್ವತ್ತುಗಳು ಮೂರು ಬೇರೆ ಕೋಣೆಗಳಲ್ಲ. ಉಪದೇಶದ ವೃತ್ತಿ ಅವರನ್ನು ಜನರ ನಡುವೆ ಒಯ್ದಿತು. ಮನೆಯ ಸಂಸ್ಕೃತಿ ಕೇಳಿ ಬರೆದಿಡುವ ಶಿಸ್ತನ್ನು ಕಲಿಸಿತು. ನಂಬಿಕೆಯು ನೆರೆಯವರ ನಂಬಿಕೆಯನ್ನು ಗೌರವದಿಂದ ಓದುವ ಧೈರ್ಯವನ್ನು ಕೊಟ್ಟಿತು. ಇವುಗಳಲ್ಲಿ ಒಂದನ್ನು ತೆಗೆದರೆ ಉಳಿದೆರಡು ಅರ್ಥವಾಗುವುದಿಲ್ಲ.

ಎರಡನೆಯದು ನಮ್ಮ ಕರ್ತವ್ಯಕ್ಕೆ ಸಂಬಂಧಿಸಿದುದು. ಬಾಸೆಲ್ ನಗರದಲ್ಲಿಯೂ ಮಂಗಳೂರಿನ ಬಲ್ಮಠದಲ್ಲಿಯೂ ಮಿಷನ್ನಿನ ದಾಖಲೆಗಳು ಸಂರಕ್ಷಿತವಾಗಿವೆ. ಆದರೆ ಹುಬ್ಬಳ್ಳಿ, ಧಾರವಾಡ, ಗದಗ, ಬೆಟಗೇರಿಗಳ ಹಳೆಯ ಮನೆಗಳಲ್ಲಿರುವ ಸತ್ಯವೇದಗಳ ಮೊದಲ ಹಾಳೆಗಳು, ಸಮಾಧಿಯ ಮುನ್ನ ಓದಿ ಮಡಿಸಿಟ್ಟ ಜೀವನವೃತ್ತಾಂತಗಳು, ಅಜ್ಜಿಯರ ಬಾಯಿಯಲ್ಲಿರುವ ಕೀರ್ತನೆಗಳು ಯಾವ ಸಂಗ್ರಹಾಲಯದ ಸೂಚಿಯಲ್ಲಿಯೂ ಇಲ್ಲ. ಮನೆ ಬದಲಾದಾಗ, ಹೊಸ ಪ್ರತಿ ಕೊಂಡಾಗ ಹಳೆಯ ಗ್ರಂಥ ಅಟ್ಟ ಸೇರುತ್ತದೆ. ಅಟ್ಟ ಕೆಡವಿದಾಗ ಒಂದು ವಂಶದ ಚರಿತ್ರೆ ಕಣ್ಮರೆಯಾಗುತ್ತದೆ. ಪರರ ಬಾಯಿಯ ಎರಡು ಸಾವಿರ ತ್ರಿಪದಿಗಳನ್ನು ಅಳಿಯಗೊಡದೆ ಕಾಯ್ದ ಹಿರಿಯರ ಸಮುದಾಯದ ನೆನಪನ್ನು ಹಾಗೆ ಅಳಿಯಗೊಡುವುದು ನ್ಯಾಯವಲ್ಲ. ಅವರು ಊರೂರು ತಿರುಗಿ ಮಾಡಿದ ಕೆಲಸವನ್ನು ಅವರವರ ಮನೆಬಾಗಿಲಲ್ಲಿ ಮುಂದುವರಿಸುವುದು ಜಾನಪದ ವಿದ್ವಾಂಸರಿಂದ ಅವರಿಗೆ ಸಲ್ಲಬೇಕಾದ ಋಣ.